ಸ್ವಂತ ಸೊತ್ತಿಗೇ ಕನ್ನ: ‘ಹೌ ಟು ಸ್ಟೀಲ್ ಎ ಮಿಲಿಯನ್’

ಕಳ್ಳತನವನ್ನೇ ಕಥೆಯಾಗಿಸಿಕೊಂಡ ಸಿನಿಮಾಗಳಲ್ಲಿ ಕದಿಯುವವರ ಕಣ್ಣು ಸಾಮಾನ್ಯವಾಗಿ ವಸ್ತುವಿನ ಬೆಲೆಯ ಮೇಲಿರುತ್ತದೆ. ವಿಲಿಯಂ ವೈಲರ್ ನಿರ್ದೇಶಿಸಿ 1966ರಲ್ಲಿ ತೆರೆಗೆ ತಂದ ‘ಹೌ ಟು ಸ್ಟೀಲ್ ಎ ಮಿಲಿಯನ್’ ಚಿತ್ರದ ನಾಯಕಿ ಕದಿಯಲು ಹೊರಡುವುದು ಬೆಲೆಯೇ ಇಲ್ಲದ ವಸ್ತುವನ್ನು, ಅದೂ ತನ್ನ ಮನೆಯದನ್ನೇ. ಪ್ಯಾರಿಸ್ಸಿನ ಮ್ಯೂಸಿಯಂ ಒಂದರಲ್ಲಿ ಕಿರಣಗಳ ಬೇಲಿಯ ನಡುವೆ ಪೀಠದ ಮೇಲೆ ನಿಂತಿರುವ ಪುಟ್ಟ ವೀನಸ್ ವಿಗ್ರಹವನ್ನು ಹದಿನಾರನೆಯ ಶತಮಾನದ ಫ್ಲಾರೆನ್ಸಿನ ಬೆನ್ವೆನೂತೊ ಚೆಲ್ಲೀನಿ ಕೆತ್ತಿದ್ದೆಂದು ಊರೆಲ್ಲ ನಂಬಿದೆ. ನಿಜದಲ್ಲಿ ಅದನ್ನು ಕೆತ್ತಿದವನು ನಾಯಕಿಯ ತಾತ, ರೂಪದರ್ಶಿಯಾಗಿ ನಿಂತವಳು ಅವಳ ಅಜ್ಜಿ. ಹತ್ತು ಲಕ್ಷ ಡಾಲರ್ ವಿಮೆಯ ಕಾಗದಕ್ಕೆ ಅವಳ ತಂದೆ ಸಹಿ ಹಾಕಿದ ಮೇಲೆ, ವಿಗ್ರಹದ ಅಸಲಿತನವನ್ನು ತಜ್ಞರು ಪರೀಕ್ಷಿಸಲು ಆ ಸಹಿಯೇ ಒಪ್ಪಿಗೆಯೆಂಬ ಸಂಗತಿ ತಿಳಿಯುತ್ತದೆ. ಪರೀಕ್ಷಕ ಬರುವುದರೊಳಗೆ ವಿಗ್ರಹ ಅಲ್ಲಿಂದ ಮಾಯವಾಗದಿದ್ದರೆ ತಂದೆಗೆ ಜೈಲು ತಪ್ಪಿದ್ದಲ್ಲ.

ಮನೆಯ ಮಾನ ಉಳಿಸಲು ಮಗಳು ಕಳ್ಳಿಯಾಗುವ ಈ ಎಳೆಯೇ ಚಿತ್ರದ ಜೀವ. ಇಲ್ಲಿ ಯಾರ ಸೊತ್ತೂ ಹೋಗುವುದಿಲ್ಲ, ಯಾರ ರಕ್ತವೂ ಹರಿಯುವುದಿಲ್ಲ. ಒಂದು ಗುಂಡು ಹಾರುತ್ತದೆ, ಅದು ಕೂಡ ತೋಳಿನ ಚರ್ಮವನ್ನಷ್ಟೇ ಸವರಿ ಹೋಗುತ್ತದೆ. ಕದಿಯುವವಳಿಗೆ ಲಾಭವಿಲ್ಲ, ಕಳೆದುಕೊಳ್ಳುವವರಿಗೆ ನಷ್ಟವಿಲ್ಲ ಎಂದ ಮೇಲೆ ನೋಡುಗನಿಗೆ ಆತಂಕವಾದರೂ ಯಾತಕ್ಕೆ ಎಂದು ಕೇಳಬಹುದು. ಹೋಗುವುದು ಮರ್ಯಾದೆ, ಮತ್ತು ಆ ಮರ್ಯಾದೆಯೂ ನಕಲಿಯೇ. ಈ ಸಂಗತಿಯನ್ನು ಚಿತ್ರ ಒಂದು ಕ್ಷಣವೂ ಮರೆಯುವುದಿಲ್ಲ, ಅದಕ್ಕಾಗಿ ಮುಖ ಗಂಟಿಕ್ಕಿಕೊಳ್ಳುವುದೂ ಇಲ್ಲ. ಅರವತ್ತು ವರ್ಷಗಳ ನಂತರವೂ ಇದು ಹಳತಾಗಿಲ್ಲವೆಂದು ನನಗೆ ಅನ್ನಿಸಲು ಮೊದಲ ಕಾರಣ ಈ ನಿಲುವು.

ತಂದೆ ಚಾರ್ಲ್ಸ್ ಬೊನೆಯ ಪಾತ್ರದಲ್ಲಿ ಹ್ಯೂ ಗ್ರಿಫಿತ್ ಇದ್ದಾರೆ. ವೈಲರ್ ಅವರದೇ 1959ರ ‘ಬೆನ್‌ಹರ್’ ಚಿತ್ರದ ಅರಬ್ ಶೇಖ್ ಪಾತ್ರಕ್ಕೆ ಆಸ್ಕರ್ ಪಡೆದ ಈ ವೆಲ್ಷ್ ನಟನ ದೊಡ್ಡ ಕಣ್ಣುಗಳು ಮತ್ತು ಎದ್ದು ನಿಂತ ಹುಬ್ಬುಗಳು ಮಾತಿಗಿಂತ ಮೊದಲೇ ಅರ್ಧ ಕೆಲಸ ಮುಗಿಸಿರುತ್ತವೆ. ಬೊನೆ ಹೊಟ್ಟೆಪಾಡಿಗಾಗಿ ನಕಲಿ ಮಾಡುವವನಲ್ಲ. ಅವನಿಗೆ ಅದು ಮನೆತನದ ವಿದ್ಯೆ. ಮಹಲಿನ ಮೇಲಿನ ಗುಪ್ತ ಕೋಣೆಯಲ್ಲಿ ಕುಳಿತು ಅವನು ವ್ಯಾನ್ ಗೋ ಚಿತ್ರಕ್ಕೆ ಕೊನೆಯ ಬಣ್ಣ ಹಚ್ಚುತ್ತಾನೆ. ಕೆಳಗಿನ ಹಜಾರದಲ್ಲಿ ಶ್ರೀಮಂತರು ಅವನ ಸಂಗ್ರಹವನ್ನು ಕಂಡು ತಲೆದೂಗುತ್ತಾರೆ. ವ್ಯಾನ್ ಗೋ ಬದುಕಿದ್ದಾಗ ಮಾರಿದ್ದು ಒಂದೇ ಒಂದು ಚಿತ್ರ, ಅವನ ನೆನಪಿನಲ್ಲಿ ನಾನಾಗಲೇ ಎರಡನ್ನು ಮಾರಿದ್ದೇನೆ ಎಂಬರ್ಥದ ಮಾತನ್ನು ಅವನು ಮಗಳಿಗೆ ಹೇಳುವ ರೀತಿಯಲ್ಲಿ ವ್ಯಂಗ್ಯದ ಸುಳಿವೂ ಇಲ್ಲ. ಆ ದೊಡ್ಡ ಕಲಾವಿದನಿಗೆ ತಾನು ಸಲ್ಲಿಸುತ್ತಿರುವ ಸೇವೆಯ ಬಗ್ಗೆ ಅವನಿಗೆ ನಿಜವಾದ ಹೆಮ್ಮೆಯಿದೆ.

ಇಂಥವರು ಕಥೆಯಲ್ಲಷ್ಟೇ ಹುಟ್ಟಿದವರೆಂದು ಭಾವಿಸಬೇಕಾಗಿಲ್ಲ. ಡಚ್ ಚಿತ್ರಕಾರ ಹಾನ್ ವಾನ್ ಮೇಗರನ್ ಹದಿನೇಳನೆಯ ಶತಮಾನದ ವರ್ಮೀರ್ ಹೆಸರಿನಲ್ಲಿ ಬರೆದ ಚಿತ್ರಗಳನ್ನು ದೊಡ್ಡ ದೊಡ್ಡ ಪಂಡಿತರು ಅಸಲಿಯೆಂದು ಕೊಂಡಾಡಿದ್ದರು. ಅವುಗಳಲ್ಲೊಂದು ನಾತ್ಸಿ ನಾಯಕ ಗೋರಿಂಗ್‌ನ ಸಂಗ್ರಹವನ್ನೂ ಸೇರಿತ್ತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ದೇಶದ ಕಲಾಸಂಪತ್ತನ್ನು ಶತ್ರುವಿಗೆ ಮಾರಿದನೆಂಬ ಆರೋಪದಲ್ಲಿ 1945ರಲ್ಲಿ ಸೆರೆಸಿಕ್ಕ ಅವನಿಗೆ, ಅದು ತಾನೇ ಬರೆದದ್ದೆಂದು ಒಪ್ಪಿಕೊಳ್ಳುವುದೊಂದೇ ದಾರಿಯಾಗಿ ಉಳಿಯಿತು. ಆ ಮಾತನ್ನು ಯಾರೂ ನಂಬದೆ ಹೋದದ್ದರಿಂದ ಕಾವಲಿನಲ್ಲಿ ಕುಳಿತು ಇನ್ನೊಂದು ‘ವರ್ಮೀರ್’ ಬರೆದು ತೋರಿಸಬೇಕಾಯಿತು. ಬೊನೆಯ ಸ್ಥಿತಿ ಇದರ ತಲೆಕೆಳಗಾದ ರೂಪ: ಅವನ ಮಗಳಿಗೆ ಬೇಕಾಗಿರುವುದು ಅಪ್ಪ ಎಷ್ಟು ನಿಪುಣನೆಂಬುದು ಯಾರಿಗೂ ತಿಳಿಯದಿರುವುದು. ಅವನಿಗೋ, ಜಗತ್ತು ತನ್ನ ಹೆಸರನ್ನು ಬಿಟ್ಟು ಕೆಲಸವನ್ನಷ್ಟೇ ಹೊಗಳುತ್ತಿರುವುದು ಒಳಗೊಳಗೇ ಕೊರಗು. ಗ್ರಿಫಿತ್ ಈ ಕೊರಗನ್ನು ಎಲ್ಲಿಯೂ ಎತ್ತಿ ಆಡುವುದಿಲ್ಲ. ಮ್ಯೂಸಿಯಮ್ಮಿನ ಸಮಾರಂಭದಲ್ಲಿ ವೀನಸ್ಸಿನ ಪಕ್ಕ ನಿಂತು ಅಭಿನಂದನೆ ಸ್ವೀಕರಿಸುವಾಗ, ಒಡೆಯನಿಗೆ ಸಲ್ಲಬೇಕಾದುದಕ್ಕಿಂತ ಒಂದು ಪಟ್ಟು ಹೆಚ್ಚಿನ ಸಂತೋಷ ಅವರ ಮುಖದಲ್ಲಿ ಕಾಣುತ್ತದೆ.

ಚೆಲ್ಲೀನಿಯ ಹೆಸರನ್ನು ಆರಿಸಿಕೊಂಡದ್ದು ಚತುರವಾದ ಆಯ್ಕೆ. 1500ರಲ್ಲಿ ಹುಟ್ಟಿ 1571ರಲ್ಲಿ ತೀರಿಕೊಂಡ ಆತ ಮೂಲತಃ ಅಕ್ಕಸಾಲಿಗ. ಚಿನ್ನ ಬೆಳ್ಳಿಗಳಲ್ಲಿ ಮಾಡಿದ್ದರಲ್ಲಿ ಹೆಚ್ಚಿನ ಭಾಗ ಕಾಲಾಂತರದಲ್ಲಿ ಕರಗಿ ಹೋಯಿತು, ಅಮೃತಶಿಲೆಯಲ್ಲಿ ಕೆತ್ತಿದ ಕೃತಿಗಳಂತೂ ಕೆಲವೇ ಕೆಲವು. ಇಷ್ಟು ಕಡಿಮೆ ಉಳಿದಿರುವ ಕಲಾವಿದನ ಹೆಸರಿನಲ್ಲಿ ಹೊಸದೊಂದು ಕೃತಿ ಹಳೆಯ ಮನೆತನದ ಅಟ್ಟದಿಂದ ಇಳಿದು ಬಂದರೆ ಲೋಕ ಅದನ್ನು ಅನುಮಾನಿಸುವುದಕ್ಕಿಂತ ಅಪ್ಪಿಕೊಳ್ಳಲು ಕಾತರವಾಗಿರುತ್ತದೆ. ಹೆಸರಿನ ಮಹಿಮೆಗೆ ನಮ್ಮಲ್ಲೂ ಉದಾಹರಣೆ ಬೇಕಾದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬಹುದು. ಅಲ್ಲಿ ದೀಪ ಹಿಡಿದು ನಿಂತ ಹೆಂಗಸಿನ ಪ್ರಸಿದ್ಧ ಜಲವರ್ಣ ಚಿತ್ರ ಎಸ್. ಎಲ್. ಹಲ್ದಣಕರ್ ಅವರದಾದರೂ, ಅದನ್ನು ರಾಜಾ ರವಿವರ್ಮನದೆಂದೇ ನಂಬಿ ನೋಡಿ ಬರುವವರು ಈಗಲೂ ಇದ್ದಾರೆ. ಅಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ದೊಡ್ಡ ಹೆಸರು ತಾನಾಗಿ ಹೋಗಿ ಚಿತ್ರಕ್ಕೆ ಅಂಟಿಕೊಂಡಿದೆ.

ಕಥೆಗೆ ಮರಳಿದರೆ, ನಿಕೋಲ್ ಬೊನೆಯಾಗಿ ಆಡ್ರೆ ಹೆಪ್‌ಬರ್ನ್, ಸೈಮನ್ ಡರ್ಮಟ್ ಆಗಿ ಪೀಟರ್ ಓಟೂಲ್. ಇಬ್ಬರ ಮೊದಲ ಭೇಟಿ ನಡುರಾತ್ರಿಯಲ್ಲಿ ಆಗುತ್ತದೆ. ಮಂಚದ ಮೇಲೆ ರೋಚಕ ಕಥೆಗಳ ಪತ್ರಿಕೆ ಓದುತ್ತಿದ್ದ ನಿಕೋಲ್ ಸದ್ದು ಕೇಳಿ ಕೆಳಗಿಳಿದು ಬಂದರೆ, ಒಳ್ಳೆಯ ಉಡುಪಿನ ನೀಲಿಗಣ್ಣಿನ ಯುವಕನೊಬ್ಬ ವ್ಯಾನ್ ಗೋ ಚಿತ್ರದ ಮುಂದೆ ನಿಂತಿದ್ದಾನೆ. ಗೋಡೆಯಲ್ಲಿದ್ದ ಹಳೆಯ ಕಾಲದ ಪಿಸ್ತೂಲನ್ನು ಅವಳು ಗುರಿಯಿಟ್ಟು ಹಿಡಿಯುತ್ತಾಳೆ, ಅದು ಅವಳಿಗೇ ಅರಿಯದಂತೆ ಹಾರಿಬಿಡುತ್ತದೆ. ಪೊಲೀಸರನ್ನು ಕರೆದರೆ ಮನೆಯಲ್ಲಿರುವ ಚಿತ್ರಗಳ ವಿಚಾರಣೆ ಆಗಬಹುದು. ಹಾಗಾಗಿ ತಾನೇ ಗಾಯಗೊಳಿಸಿದ ಕಳ್ಳನ ತೋಳಿಗೆ ಅಯೋಡಿನ್ ಹಚ್ಚಿ, ರಾತ್ರಿಯುಡುಪಿನ ಮೇಲೆ ಕೋಟು ಹಾಕಿಕೊಂಡು, ಕಾಲಿಗೆ ಮಳೆಗಾಲದ ಬೂಟು ತೊಟ್ಟು, ಅವನದೇ ಕಾರನ್ನು ಓಡಿಸಿ ಅವನನ್ನು ರಿಟ್ಜ್ ಹೋಟೆಲಿಗೆ ಬಿಟ್ಟು ಬರಬೇಕಾಗುತ್ತದೆ. ಹ್ಯಾರಿ ಕರ್ನಿಟ್ಸ್ ಬರೆದ ಚಿತ್ರಕಥೆಯ ಕುಶಲತೆ ಇಲ್ಲಿಯೇ ಗೊತ್ತಾಗುತ್ತದೆ: ಪ್ರತಿಯೊಂದು ಅಸಂಭವ ಹೆಜ್ಜೆಯೂ ಹಿಂದಿನ ಹೆಜ್ಜೆಯಿಂದ ಅನಿವಾರ್ಯವಾಗಿ ಹೊರಡುತ್ತದೆ, ಮತ್ತು ಎಲ್ಲಕ್ಕೂ ಬುಡದಲ್ಲಿ ಅದೇ ಒಂದು ಸುಳ್ಳು ಕುಳಿತಿರುತ್ತದೆ.

ಸೈಮನ್ ನಿಜವಾಗಿ ಕಳ್ಳನಲ್ಲ. ಕಲಾಕೃತಿಗಳ ಅಸಲು ನಕಲು ಪತ್ತೆಹಚ್ಚುವುದೇ ಅವನ ವೃತ್ತಿ. ಬೊನೆಯ ಸಂಗ್ರಹದ ಮೇಲೆ ಅನುಮಾನಗೊಂಡ ಕಲಾವ್ಯಾಪಾರಿ ದ ಸೋಲ್ನೆ ಅವನನ್ನು ನೇಮಿಸಿದ್ದಾನೆ. ನೋಡುಗರಿಗೆ ಇದು ಬಹಳ ಬೇಗ ತಿಳಿಯುತ್ತದೆ, ನಿಕೋಲ್‌ಗೆ ಬಹಳ ತಡವಾಗಿ. ಹೀಗಾಗಿ ಮುಂದಿನ ದೃಶ್ಯಗಳಲ್ಲೆಲ್ಲ ಎರಡು ಸುಳ್ಳುಗಳು ಎದುರುಬದುರು ಕುಳಿತು ಮಾತನಾಡುತ್ತವೆ: ಅವಳು ತನ್ನ ವಿಗ್ರಹ ಅಸಲಿಯೆಂದು ನಟಿಸುತ್ತಾಳೆ, ಅವನು ತಾನು ಅಸಲಿ ಕಳ್ಳನೆಂದು ನಟಿಸುತ್ತಾನೆ. ರಿಟ್ಜ್ ಹೋಟೆಲಿನ ಬಾರಿನಲ್ಲಿ ಕಣ್ಣುಗಳ ಮೇಲೆ ಕಪ್ಪು ಜಾಲರಿಯ ಮುಸುಕು ಹಾಕಿಕೊಂಡು ಬಂದ ನಿಕೋಲ್, ಗುಟ್ಟಿನ ಕೆಲಸಕ್ಕೆ ಗುಟ್ಟಾಗಿ ಬಂದಿದ್ದೇನೆಂಬ ಭ್ರಮೆಯಲ್ಲಿ ಇಡೀ ಕೋಣೆಯ ಕಣ್ಣನ್ನು ತನ್ನ ಮೇಲೆಳೆದುಕೊಂಡು, ಅವನನ್ನು ಕಳ್ಳತನಕ್ಕೆ ಒಪ್ಪಿಸುತ್ತಾಳೆ. ಆ ವಿಗ್ರಹ ನಿಮ್ಮದೇ ಅಲ್ಲವೇ ಎಂದು ಅವನು ಕೇಳಿದಾಗ, ನನ್ನದಲ್ಲದ್ದನ್ನು ಕದಿಯುವವಳು ನಾನೆಂದು ತಿಳಿದಿರಾ ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ. ಇಂಥ ತರ್ಕಕ್ಕೆ ಉತ್ತರವಿಲ್ಲವೆಂದು ಕ್ಷಮೆ ಕೇಳುವ ಓಟೂಲ್ ಅವರ ಮುಖವನ್ನು ನೋಡಲೆಂದೇ ಆ ದೃಶ್ಯವನ್ನು ಮತ್ತೊಮ್ಮೆ ನೋಡಬಹುದು.

ಓಟೂಲ್ ಅವರನ್ನು 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದ ಮರಳುಗಾಡಿನಲ್ಲಿ ಕಂಡವರಿಗೆ ಇಲ್ಲಿ ಅವರ ಹಗುರತನ ಅಚ್ಚರಿಯೆನಿಸಬಹುದು. ಅವರು ತಮಾಷೆ ಮಾಡುವುದಿಲ್ಲ, ತಮಾಷೆ ತನ್ನಷ್ಟಕ್ಕೆ ಆಗಲು ಬಿಡುತ್ತಾರೆ. ಹೆಪ್‌ಬರ್ನ್ ಅವರಿಗೆ ಆಗ ಮೂವತ್ತೇಳರ ಆಸುಪಾಸು, ವೈಲರ್ ಜತೆ ಇದು ಮೂರನೆಯ ಚಿತ್ರ. 1953ರ ‘ರೋಮನ್ ಹಾಲಿಡೇ’ಯಲ್ಲಿ ಅವರನ್ನು ಲೋಕಪ್ರಸಿದ್ಧರನ್ನಾಗಿ ಮಾಡಿದವರು ಇದೇ ನಿರ್ದೇಶಕರು. ಆ ಹಳೆಯ ಚಿತ್ರದ ರಾಜಕುಮಾರಿಯ ಮುಗ್ಧತೆಯನ್ನು ಇಲ್ಲಿ ಮತ್ತೆ ಹುಡುಕಿದರೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ನಿಕೋಲ್ ಬುದ್ಧಿವಂತೆ, ತಂದೆಯ ಕಸುಬನ್ನು ಬಲ್ಲವಳು, ಅದನ್ನು ಒಪ್ಪದವಳು, ಆದರೂ ಬಿಟ್ಟುಕೊಡಲಾರದವಳು. ಅಪ್ಪನನ್ನು ಗದರುವ ಮಗಳಾಗಿ ಹೆಪ್‌ಬರ್ನ್ ಪ್ರೇಯಸಿಯ ಪಾತ್ರಕ್ಕಿಂತಲೂ ಹೆಚ್ಚು ಸಹಜವಾಗಿ ಕಾಣುತ್ತಾರೆಂಬುದು ನನ್ನ ಅನಿಸಿಕೆ.

ಇನ್ನು ಕಳ್ಳತನದ ಭಾಗ. ಈ ಚಿತ್ರದ ಕೀರ್ತಿಯೆಲ್ಲ ನಿಂತಿರುವುದು ಇದರ ಮೇಲೆ, ನಿಲ್ಲಬೇಕಾದದ್ದೂ ಇದರ ಮೇಲೆಯೇ. ಇದಕ್ಕೂ ಹಿಂದಿನ ಹತ್ತು ವರ್ಷಗಳಲ್ಲಿ ಯುರೋಪಿನ ಕಳ್ಳತನದ ಚಿತ್ರಗಳು ಹಗ್ಗ, ಏಣಿ, ಬೆವರು, ಉಸಿರು ಬಿಗಿಹಿಡಿದ ಮೌನಗಳ ಒಂದು ಪದ್ಧತಿಯನ್ನೇ ರೂಢಿಸಿದ್ದವು. ಕಳ್ಳರ ಕೈಚಳಕವೇ ಅಲ್ಲಿ ನೋಡುಗನಿಗೆ ಹಬ್ಬ. ವೈಲರ್ ಆ ಪದ್ಧತಿಯನ್ನು ತೆಗೆದುಕೊಂಡು ಅದರ ಸಲಕರಣೆಗಳನ್ನೆಲ್ಲ ಕೈಬಿಡುತ್ತಾರೆ. ಸೈಮನ್ ತರುವುದು ಒಂದು ಅಯಸ್ಕಾಂತ, ಒಂದಿಷ್ಟು ದಾರ, ಮತ್ತು ಉದ್ಯಾನದಲ್ಲಿ ಮಕ್ಕಳ ಆಟಿಕೆ ಮಾರುವವನಿಂದ ಕೊಂಡ ಬೂಮರಾಂಗ್. ಮ್ಯೂಸಿಯಂ ಮುಚ್ಚುವ ಹೊತ್ತಿಗೆ ಇಬ್ಬರೂ ಮೆಟ್ಟಿಲ ಬಳಿಯ, ಕಸಬರಿಗೆ ಬಕೆಟ್ಟುಗಳನ್ನು ಇಡುವ ಗೂಡಿನಂಥ ಕೋಣೆಯಲ್ಲಿ ಅಡಗಿ ಕೂರುತ್ತಾರೆ. ಗಸ್ತಿನ ಕಾವಲುಗಾರ ಬಂದು ದಿನದ ರೂಢಿಯಂತೆ ಹೊರಗಿನಿಂದ ಬೀಗ ಹಾಕಿ, ಕೀಲಿಯನ್ನು ಗೋಡೆಯ ಕೊಕ್ಕೆಗೆ ನೇತುಹಾಕಿ ಹೋಗುತ್ತಾನೆ. ಗೋಡೆಯ ಈ ಬದಿಯಿಂದ ಅಯಸ್ಕಾಂತ ಹಿಡಿದು, ಆ ಬದಿಯ ಕೀಲಿಯನ್ನು ಅಂಗುಲ ಅಂಗುಲವಾಗಿ ಜರುಗಿಸುವ ದೃಶ್ಯದಲ್ಲಿ ಒಂದು ಕೀಲಿಯೇ ನಾಯಕನಟನಾಗಿಬಿಡುತ್ತದೆ.

ಆ ಗೂಡಿನೊಳಗೆ ಇಬ್ಬರು ನೀಳಕಾಯರಿಗೆ ಕಾಲು ಚಾಚಲೂ ಜಾಗವಿಲ್ಲ. ಅಲ್ಲಿ ಮೈಗೆ ಮೈ ತಾಗಿ ಕುಳಿತು, ಕೈಗಡಿಯಾರ ನೋಡುತ್ತ, ಪಿಸುಮಾತಿನಲ್ಲಿ ಜಗಳವಾಡುತ್ತ, ಗಸ್ತಿನವನ ಹೆಜ್ಜೆ ಸಮೀಪಿಸಿದಾಗಲೆಲ್ಲ ಮಾತು ನುಂಗಿಕೊಳ್ಳುತ್ತ ಕಳೆಯುವ ಆ ಗಂಟೆಗಳು ಚಿತ್ರದ ನಿಜವಾದ ಪ್ರೇಮಪ್ರಸಂಗ. ಪ್ರೇಮಕಥೆಯನ್ನೂ ಕಳ್ಳತನದ ಕಥೆಯನ್ನೂ ಬೆರೆಸುವ ಚಿತ್ರಗಳು ಸಾಧಾರಣವಾಗಿ ಒಂದು ಹಾಡಿನ ಹೊತ್ತಿಗೆ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಎತ್ತಿಕೊಳ್ಳುತ್ತವೆ. ಇಲ್ಲಿ ಹಾಗಿಲ್ಲ: ಬೀಗ ಬಿಚ್ಚುವುದೂ ಮನಸ್ಸು ಬಿಚ್ಚುವುದೂ ಒಂದೇ ಇಕ್ಕಟ್ಟಿನಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಕಾರಣವನ್ನೇ ಕೇಳದೆ ಇಷ್ಟು ದೂರ ಬಂದದ್ದೇಕೆಂದು ಅವಳಿಗೆ ಅಚ್ಚರಿ; ವಿಗ್ರಹದ ನಿಜ ಅವನಿಗೆ ಮೊದಲೇ ತಿಳಿದಿತ್ತೆಂದು ಗೊತ್ತಾದಾಗ, ಅವನು ಬಂದದ್ದು ಹಣಕ್ಕಾಗಿ ಅಲ್ಲವೆಂಬುದೂ ಅವಳಿಗೆ ತಾನಾಗಿ ಗೊತ್ತಾಗುತ್ತದೆ. ಪ್ರೀತಿಯ ನಿವೇದನೆಗೆ ಬೇರೆ ಸಂಭಾಷಣೆಯನ್ನು ಕರ್ನಿಟ್ಸ್ ಬರೆದಿಲ್ಲ, ಬರೆಯುವ ಅಗತ್ಯವೂ ಅವರಿಗೆ ಬೀಳಲಿಲ್ಲ.

ಕಳ್ಳತನದ ಉಪಾಯವೂ ಯಂತ್ರವನ್ನು ಗೆಲ್ಲುವುದಲ್ಲ, ಯಂತ್ರವನ್ನು ಕಾಯುವ ಮನುಷ್ಯರನ್ನು ದಣಿಸುವುದು. ಬೂಮರಾಂಗ್ ಹಾರಿ ಕಿರಣಗಳನ್ನು ತುಂಡರಿಸಿ ಮರಳಿ ಕೈಸೇರುತ್ತದೆ, ಅಲಾರಂ ಕಿವಿ ಹರಿಯುವಂತೆ ಹೊಡೆದುಕೊಳ್ಳುತ್ತದೆ, ಕಾವಲುಗಾರರು ಎದ್ದುಬಿದ್ದು ಓಡಿಬರುತ್ತಾರೆ, ನೋಡಿದರೆ ವೀನಸ್ ಇದ್ದಲ್ಲಿಯೇ ಮಂದಹಾಸ ಬೀರುತ್ತ ನಿಂತಿದೆ. ಸ್ವಲ್ಪ ಹೊತ್ತಿನ ನಂತರ ಮತ್ತೆ ಅದೇ ಗದ್ದಲ. ಇಷ್ಟೊಂದು ರಾತ್ರಿಯಲ್ಲಿ ನಿದ್ದೆ ಕೆಟ್ಟ ದೊಡ್ಡವರ ಬೈಗುಳ ಕೇಳಬೇಕಾದ ಮುಖ್ಯ ಕಾವಲುಗಾರನಿಗೆ, ಕಳ್ಳನಿಗಿಂತ ಅಲಾರಮ್ಮೇ ದೊಡ್ಡ ಶತ್ರುವಾಗಿ ಕಾಣತೊಡಗುತ್ತದೆ. ಕೊನೆಗೆ ಅವನು ಏನು ಮಾಡುತ್ತಾನೆಂಬುದನ್ನು ಕಚೇರಿಯಲ್ಲಿ ರಾತ್ರಿಪಾಳಿ ಮಾಡಿದ ಯಾರಾದರೂ ಊಹಿಸಬಲ್ಲರು. ಝಾಕ್ ಮಾರ್ಯಾ ಈ ಪಾತ್ರವನ್ನು ಎಷ್ಟು ಗಂಭೀರವಾಗಿ ಮಾಡಿದ್ದಾರೆಂದರೆ ನಗುವಾಗಲೂ ಅವನ ಬಗ್ಗೆ ಅಯ್ಯೋ ಪಾಪ ಅನ್ನಿಸುತ್ತದೆ. ಕದ್ದುಮುಚ್ಚಿ ಮದ್ಯ ಕುಡಿಯುವ ಇನ್ನೊಬ್ಬ ಕಾವಲುಗಾರನಾಗಿ ಬರುವ ಮುಸ್ತಾಶ್ ಎಂಬ ಹೆಸರಿನ, ತನ್ನ ಹೆಸರಿಗೆ ತಕ್ಕ ಮೀಸೆಯ ನಟ ಫ್ರಾನ್ಸಿನಲ್ಲಿ ಜಾಝ್ ಡ್ರಮ್ ವಾದಕನಾಗಿಯೂ ಪರಿಚಿತ. ತಾಳಜ್ಞಾನ ಹಾಸ್ಯಕ್ಕೂ ಒದಗಿಬರುತ್ತದೆ ಎನ್ನಬೇಕು.

ಇದನ್ನು ಬರಿಯ ಸಿನಿಮಾ ಕಲ್ಪನೆಯೆಂದು ತಳ್ಳಿಹಾಕುವವರಿಗೆ ವಿಯೆನ್ನಾದಲ್ಲಿ ನಡೆದದ್ದನ್ನು ನೆನಪಿಸಬೇಕು. ಅಸಲಿ ಚೆಲ್ಲೀನಿಯೇ, ಫ್ರಾನ್ಸಿನ ದೊರೆ ಮೊದಲನೆಯ ಫ್ರಾನ್ಸಿಸ್‌ಗಾಗಿ 1540ರಿಂದ 1543ರ ಅವಧಿಯಲ್ಲಿ ಮಾಡಿಕೊಟ್ಟ ಚಿನ್ನದ ಉಪ್ಪಿನ ಬಟ್ಟಲು ಅಲ್ಲಿನ ಕಲಾ ಇತಿಹಾಸ ಮ್ಯೂಸಿಯಮ್ಮಿನಲ್ಲಿದೆ. 2003ರ ಮೇ 11ರ ಬೆಳಗಿನ ಜಾವ ಒಬ್ಬ ವ್ಯಕ್ತಿ ದುರಸ್ತಿಗಾಗಿ ಕಟ್ಟಿದ್ದ ಸಾರುವೆಯನ್ನು ಏರಿ, ಕಿಟಕಿ ಒಡೆದು, ಗಾಜಿನ ಪೆಟ್ಟಿಗೆ ಪುಡಿಮಾಡಿ ಅದನ್ನು ಎತ್ತಿಕೊಂಡು ಹೋದ. ಅಲಾರಂ ಬಡಿದುಕೊಂಡಿತ್ತು, ಎಂದಿನ ಸುಳ್ಳು ಅಲಾರಂ ಎಂದುಕೊಂಡು ಕಾವಲುಗಾರರು ಅದನ್ನು ಆರಿಸಿದ್ದರು. ಕಳ್ಳತನ ಬೆಳಕಿಗೆ ಬಂದದ್ದು ಕೆಲವು ಗಂಟೆಗಳ ನಂತರ. 2006ರ ಜನವರಿಯಲ್ಲಿ, ಕಾಡಿನಲ್ಲಿ ಹೂತಿಟ್ಟ ಪೆಟ್ಟಿಗೆಯಿಂದ ಬಟ್ಟಲನ್ನು ಹೊರತೆಗೆದಾಗ, ಸಿಕ್ಕಿಬಿದ್ದವನ ಉದ್ಯೋಗವೇ ಅಲಾರಂ ವ್ಯವಸ್ಥೆಗಳಿಗೆ ಸಂಬಂಧಿಸಿದ್ದೆಂದು ತಿಳಿಯಿತು. ಮೂವತ್ತೇಳು ವರ್ಷ ಮೊದಲೇ ಒಂದು ಹಾಸ್ಯಚಿತ್ರ ಬೆರಳಿಟ್ಟು ತೋರಿಸಿದ್ದ ದೌರ್ಬಲ್ಯ ಇದೇ.

ವಿಗ್ರಹ ಮ್ಯೂಸಿಯಮ್ಮಿನಿಂದ ಹೊರಗೆ ಹೋಗುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದಕ್ಕಾಗಿ ನಿಕೋಲ್ ನೆಲ ಒರೆಸುವ ಹೆಂಗಸಿನ ವೇಷ ಹಾಕಬೇಕಾಗುತ್ತದೆ ಎಂಬಷ್ಟನ್ನು ಮಾತ್ರ ಹೇಳಬಹುದು, ಏಕೆಂದರೆ ಚಿತ್ರದ ಅತ್ಯಂತ ಧೈರ್ಯದ ಹಾಸ್ಯ ಅಲ್ಲಿದೆ. ಹೆಪ್‌ಬರ್ನ್ ಅವರ ಉಡುಪುಗಳನ್ನೆಲ್ಲ ಪ್ಯಾರಿಸ್ಸಿನ ಪ್ರಸಿದ್ಧ ವಸ್ತ್ರವಿನ್ಯಾಸಕ ಹ್ಯೂಬರ್ ದ ಜಿವಾಂಶಿ ಸಿದ್ಧಪಡಿಸಿದ್ದರು. ಈ ಚಿಂದಿ ವೇಷವನ್ನು ಅವಳು ತೊಟ್ಟಾಗ, ಜಿವಾಂಶಿಗೂ ಒಂದು ರಾತ್ರಿ ರಜೆ ಸಿಕ್ಕಿತು ಎಂಬಂಥ ಮಾತು ಸೈಮನ್ ಬಾಯಲ್ಲೇ ಬರುತ್ತದೆ. ಚಿತ್ರ ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುವ ಈ ಗಳಿಗೆ ನನಗೆ ಇಷ್ಟ. ಉಳಿದಂತೆ ಉಡುಪುಗಳ ವಿಷಯದಲ್ಲಿ ನನ್ನ ತಕರಾರಿದೆ. ಆರಂಭದಲ್ಲಿ ಬಿಳಿಯ ಟೋಪಿ, ಬಿಳಿಯ ಚೌಕಟ್ಟಿನ ಕಪ್ಪು ಕನ್ನಡಕ ತೊಟ್ಟು ಕೆಂಪು ಪುಟ್ಟ ಕಾರಿನಲ್ಲಿ ಬರುವ ನಿಕೋಲ್ ಕಣ್ಣಿಗೆ ಹಬ್ಬವಾಗುತ್ತಾಳೆ, ನಿಜ. ಆದರೆ ಒಂದಾದ ಮೇಲೊಂದು ದೃಶ್ಯದಲ್ಲಿ ಹೊಸ ಉಡುಪು ಬಂದು ನಿಂತಾಗ ಪಾತ್ರ ಹಿಂದೆ ಸರಿದು ಪ್ರದರ್ಶನ ಮುಂದೆ ಬರುತ್ತದೆ.

ತೆರೆಯ ಹಿಂದಿನ ಕೆಲಸಗಾರರಲ್ಲಿ ಕಲಾನಿರ್ದೇಶಕ ಅಲೆಕ್ಸಾಂಡ್ರ್ ಟ್ರೌನರ್ ಅವರ ಹೆಸರನ್ನು ಮೊದಲು ಹೇಳಬೇಕು. ಮ್ಯೂಸಿಯಂ ಎಂಬುದೇ ಕಲ್ಪಿತ. ಕ್ಲೆಬೆರ್-ಲಾಫಯೆತ್ ಎಂಬ ಹೆಸರಿನ ಸಂಸ್ಥೆ ಪ್ಯಾರಿಸ್ಸಿನಲ್ಲಿ ಇಲ್ಲ; ಹೊರನೋಟಕ್ಕೆ ಬಳಸಿಕೊಂಡದ್ದು ನಗರದ ಇತಿಹಾಸವನ್ನು ಹೇಳುವ ಕಾರ್ನವಾಲೆ ಮ್ಯೂಸಿಯಂ, ಒಳಾಂಗಣ ಕಟ್ಟಿದ್ದು ಸ್ಟುಡಿಯೋದಲ್ಲಿ. ಗೋಡೆಗಳ ಮೇಲಿನ ಮಹಾಕೃತಿಗಳೂ ಚಿತ್ರೀಕರಣಕ್ಕೆಂದೇ ಬರೆಸಿದ ನಕಲುಗಳು. ನಕಲಿಯ ಬಗೆಗಿನ ಚಿತ್ರಕ್ಕೆ ನಕಲಿ ಮ್ಯೂಸಿಯಮ್ಮಿನಲ್ಲಿ ನಕಲಿ ಚಿತ್ರಗಳನ್ನು ತೂಗುಹಾಕಿ, ಅದನ್ನೆಲ್ಲ ನಾವು ನಂಬುವಂತೆ ಮಾಡಿದ ಟ್ರೌನರ್ ಅವರನ್ನು ಕಂಡಿದ್ದರೆ ಬೊನೆ ತನ್ನ ಗುರುವೆಂದು ಕರೆಯುತ್ತಿದ್ದನೋ ಏನೋ. ನಿರ್ದೇಶಕ ವೈಲರ್ ಹುಟ್ಟಿದ್ದೇ ಫ್ರಾನ್ಸ್ ಮತ್ತು ಜರ್ಮನಿಗಳ ನಡುವಿನ ಅಲ್ಸಾಸ್ ಸೀಮೆಯ ಮುಲೂಸ್‌ನಲ್ಲಿ, 1902ರಲ್ಲಿ. ಹಾಲಿವುಡ್ಡಿನಲ್ಲಿ ಮೂರು ಆಸ್ಕರ್ ಗೆದ್ದ ಮೇಲೆ ಫ್ರಾನ್ಸಿಗೆ ಬಂದು ಚಿತ್ರಿಸಿದ ಈ ಸಿನಿಮಾದಲ್ಲಿ ಪ್ಯಾರಿಸ್ ಪ್ರವಾಸಿಗರ ಪ್ಯಾರಿಸ್ ಆಗಿ ಕಾಣುವುದಿಲ್ಲ. ಐಫೆಲ್ ಗೋಪುರ ತೋರಿಸಿ ಊರಿನ ಗುರುತು ಹೇಳುವ ಚಪಲ ಇಲ್ಲಿಲ್ಲ. ದ ಸೋಲ್ನೆಯಾಗಿ ಶಾರ್ಲ್ ಬೊಯೆ, ಮ್ಯೂಸಿಯಮ್ಮಿನ ನಿರ್ದೇಶಕನಾಗಿ ಫೆರ್ನಾಂ ಗ್ರಾವೆ, ಚಿತ್ರ ಕೊಳ್ಳಲು ಬರುವ ದಕ್ಷಿಣ ಅಮೆರಿಕದ ಸಾಹುಕಾರನಾಗಿ ಮಾರ್ಸೆಲ್ ದಾಲಿಯೊ ಹೀಗೆ ಫ್ರೆಂಚ್ ತೆರೆಯ ಹಿರಿಯರು ಚಿಕ್ಕ ಚಿಕ್ಕ ಪಾತ್ರಗಳಲ್ಲಿ ಬಂದು ಹೋಗುವುದರಿಂದ, ಎಲ್ಲರೂ ಇಂಗ್ಲಿಷ್ ಮಾತನಾಡಿದರೂ ಊರು ಮಾತ್ರ ಅಲ್ಲಿನದಾಗಿಯೇ ಉಳಿಯುತ್ತದೆ. ಸಂಗೀತ ಜಾನಿ ವಿಲಿಯಮ್ಸ್ ಅವರದು. ಮುಂದೆ ಜಾನ್ ವಿಲಿಯಮ್ಸ್ ಎಂಬ ಹೆಸರಿನಿಂದ ಜಗತ್ತಿಗೆ ಪರಿಚಿತರಾದವರು ಇವರೇ. ಗೂಡಿನ ದೃಶ್ಯಗಳಲ್ಲಿ ಅವರು ಎಲ್ಲಿ ನುಡಿಸಬಾರದೆಂಬುದನ್ನು ಚೆನ್ನಾಗಿ ತಿಳಿದಿದ್ದಾರೆ.

ದೋಷಗಳಿವೆ. ಎರಡು ಗಂಟೆಯನ್ನು ದಾಟುವ ಈ ಚಿತ್ರ ಮ್ಯೂಸಿಯಮ್ಮಿನೊಳಗೆ ಹೊಕ್ಕು ಅಡಗಿಕೊಳ್ಳುವ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಸಮಯ ಕಳೆದಿರುತ್ತದೆ. ಅದಕ್ಕೂ ಮೊದಲು ಒಂದೇ ವಿಷಯವನ್ನು ಎರಡೆರಡು ಬಾರಿ ಹೇಳುವ ದೃಶ್ಯಗಳನ್ನು ಕತ್ತರಿಸಬಹುದಿತ್ತು. ಅಮೆರಿಕದ ಉದ್ಯಮಿ ಡೇವಿಸ್ ಲೀಲೆಂಡ್ ಆಗಿ ಬರುವ ಎಲೈ ವಾಲಕ್ ಸಮರ್ಥ ನಟರೇ, ಆದರೆ ಪಾತ್ರ ತೆಳು. ವೀನಸ್ಸಿನ ಮೇಲಿನ ವ್ಯಾಮೋಹದಿಂದ ಅದರ ಒಡೆಯನ ಮಗಳಿಗೇ ಉಂಗುರ ತೊಡಿಸಲು ಹೊರಡುವ ಸಂಗ್ರಹಕಾರ ಎಂಬುದು ಒಳ್ಳೆಯ ಕಲ್ಪನೆ. ಕಲ್ಲಿಗೂ ಹೆಣ್ಣಿಗೂ ವ್ಯತ್ಯಾಸ ತಿಳಿಯದವನ ಆಸೆಬುರುಕತನವನ್ನು ಇನ್ನಷ್ಟು ಬೆಳೆಸಿದ್ದರೆ ಸೈಮನ್‌ಗೆ ತಕ್ಕ ಪ್ರತಿಸ್ಪರ್ಧಿ ಸಿಗುತ್ತಿದ್ದ. ಈಗ ಅವನು ಗಡಿಬಿಡಿಯಲ್ಲಿ ಬಂದು ಗಡಿಬಿಡಿಯಲ್ಲಿ ಹೋಗುತ್ತಾನೆ, ಅವನಿಂದ ಯಾರಿಗೂ ಅಪಾಯವಿದೆ ಎಂದು ಅನ್ನಿಸುವುದಿಲ್ಲ.

ನೀತಿಯ ಪ್ರಶ್ನೆ ಎತ್ತುವವರಿಗೆ ಚಿತ್ರ ಸಮಾಧಾನ ಹೇಳುವುದಿಲ್ಲ. ಬೊನೆ ತನ್ನ ಕಸುಬು ಬಿಡುತ್ತೇನೆಂದು ಮಾತು ಕೊಡುತ್ತಾನೆ. ಆ ಮಾತಿನ ಮೇಲೆ ಚಿತ್ರಕ್ಕೇ ನಂಬಿಕೆಯಿಲ್ಲವೆಂಬುದು ಕೊನೆಯ ದೃಶ್ಯದಲ್ಲಿ ಸ್ಪಷ್ಟವಾಗುತ್ತದೆ. ಅವನಿಂದ ಮೋಸಹೋದವರೆಲ್ಲ ಕೋಟ್ಯಧೀಶರು, ಚಿತ್ರದ ಚೆಲುವಿಗಿಂತ ಸಹಿಯ ಬೆಲೆಗೆ ಮನಸೋತವರು ಎಂಬ ಕಾರಣದಿಂದ ನಮಗೆ ಅವರ ಮೇಲೆ ಕನಿಕರ ಹುಟ್ಟದಂತೆ ಕಥೆಯನ್ನು ಹೆಣೆದಿದ್ದಾರೆ. ಇದು ಜಾಣತನ, ಪ್ರಾಮಾಣಿಕತೆಯೆಂದು ಕರೆಯಲಾರೆ. ನಕಲಿ ಕೃತಿಗಳಿಂದ ಆಗುವ ನಿಜವಾದ ಕೇಡು, ಅಂದರೆ ಒಬ್ಬ ಕಲಾವಿದನ ಬಗೆಗಿನ ತಿಳಿವಳಿಕೆಯೇ ಕಲಬೆರಕೆಯಾಗುವುದು, ಚಿತ್ರದ ಗಮನಕ್ಕೆ ಬರುವುದೇ ಇಲ್ಲ. ಆ ಭಾರವನ್ನು ಹೊತ್ತಿದ್ದರೆ ಇದು ಬೇರೆ ಚಿತ್ರವಾಗುತ್ತಿತ್ತು, ಬಹುಶಃ ಇಷ್ಟು ಚೆಂದದ್ದಾಗಿ ಉಳಿಯುತ್ತಿರಲಿಲ್ಲ ಎಂಬ ಕಾರಣಕ್ಕೆ ನಾನೂ ಆ ತಕರಾರನ್ನು ಹೆಚ್ಚು ಎಳೆಯುವುದಿಲ್ಲ.

ಮಕ್ಕಳನ್ನೂ ಹಿರಿಯರನ್ನೂ ಜತೆಯಲ್ಲಿ ಕೂರಿಸಿಕೊಂಡು ಮುಜುಗರವಿಲ್ಲದೆ ನೋಡಬಹುದಾದ ಚಿತ್ರ ಇದು. ಸಂಭಾಷಣೆ ವೇಗವಾಗಿದ್ದರೂ ಉಚ್ಚಾರಣೆ ಬಿಡಿಬಿಡಿಯಾಗಿದೆ; ಇಂಗ್ಲಿಷ್ ಕಿವಿಗೆ ರೂಢಿಯಿಲ್ಲದವರು ಅಡಿಬರಹ ಹಾಕಿಕೊಂಡರೆ ಸಾಕು, ಗೂಡಿನ ಭಾಗಕ್ಕೆ ಅದೂ ಬೇಕಾಗುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಇರಲಿ. ಚಿತ್ರವನ್ನು ಪ್ಯಾನಾವಿಷನ್ ವಿಧಾನದಲ್ಲಿ, ಎತ್ತರಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಅಗಲದ ಚೌಕಟ್ಟಿಗಾಗಿ ತೆಗೆದಿದ್ದಾರೆ. ಛಾಯಾಗ್ರಾಹಕ ಚಾರ್ಲ್ಸ್ ಲ್ಯಾಂಗ್ ಆ ಅಗಲವನ್ನು ಅರಮನೆಯಂಥ ಹಜಾರಗಳಿಗೆ ಬಳಸಿದಷ್ಟೇ ಶ್ರದ್ಧೆಯಿಂದ ಆ ಇಕ್ಕಟ್ಟಿನ ಗೂಡಿಗೂ ಬಳಸಿದ್ದಾರೆ. ಹಾಗಾಗಿ ಫೋನಿನ ತೆರೆಯನ್ನು ತುಂಬಿಸಲು ಚಿತ್ರವನ್ನು ಹಿಗ್ಗಿಸಬಾರದು, ಪಕ್ಕ ಕತ್ತರಿಸಿದ ಹಳೆಯ ಟೀವಿ ಪ್ರತಿಗಳನ್ನೂ ಆರಿಸಬಾರದು. ಅವುಗಳಲ್ಲಿ ಗೂಡಿನೊಳಗಿನ ಇಬ್ಬರಲ್ಲಿ ಒಬ್ಬರು ಯಾವಾಗಲೂ ಚೌಕಟ್ಟಿನ ಹೊರಗೇ ಉಳಿದುಬಿಡುತ್ತಾರೆ.